ಈ ಹಳೇ ಬಿಎಂಎಕ್ಸ್ ಅಪರೂಪದ್ದಾ? ಮುಂಗಡ ಕಳಿಸುವ ಮುನ್ನ ಸೈಕಲ್ ತಲೆಕೆಳಗು ಮಾಡಿಸಿ
ನಂಜನಗೂಡಿನಲ್ಲೋ ಟಿ. ನರಸೀಪುರದಲ್ಲೋ ಗುಜರಿಯಲ್ಲಿ ಸಿಕ್ಕ 'ಅಪರೂಪದ ಬಿಎಂಎಕ್ಸ್' ಎಂದು ವಾಟ್ಸಾಪ್‌ನಲ್ಲಿ ಫೋಟೋ ಬಂದು, ಮುಂಗಡ ಕೇಳಿದರೆ? ನಾವಾದರೆ ಮೊದಲು ಇನ್ನೊಂದು ಫೋಟೋ ಕೇಳುತ್ತೇವೆ: ಸೈಕಲ್ ತಲೆಕೆಳಗು ಮಾಡಿ, ಪೆಡಲ್ ತಿರುಗುವ ಅಚ್ಚಿನ ಅಡಿಭಾಗದ್ದು. ಫ್ರೇಮ್ ನಂಬರ್ ಹೆಚ್ಚಾಗಿ ಅಲ್ಲೇ ಕೊರೆದಿರುತ್ತದೆ, ಕೆಲವದರಲ್ಲಿ ಹಿಂಚಕ್ರ ಕೂರುವ ಜಾಗದಲ್ಲಿ. ಸ್ಟಿಕ್ಕರ್ ನಂಬಬೇಡಿ, ಅದನ್ನು ಯಾರು ಬೇಕಾದರೂ ಪ್ರಿಂಟ್ ಹಾಕಿಸಬಹುದು.

ಬಿಎಂಎಕ್ಸ್ ಅಂದರೆ ಬೈಸಿಕಲ್ ಮೋಟೋಕ್ರಾಸ್. 1970ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಹುಡುಗರು ಮಣ್ಣಿನ ಟ್ರ್ಯಾಕ್‌ನಲ್ಲಿ ಮೋಟಾರ್‌ಬೈಕ್ ರೇಸನ್ನು ಸೈಕಲ್ ಮೇಲೆ ನಕಲು ಮಾಡಿದ್ದರಿಂದ ಬೆಳೆದದ್ದು. 20 ಇಂಚಿನ ಚಕ್ರ ಇದ್ದ ಮಾತ್ರಕ್ಕೆ ಬಿಎಂಎಕ್ಸ್ ಆಗದು. ನಮ್ಮ ಮಕ್ಕಳ ಎಷ್ಟೋ ಸೈಕಲ್‌ಗಳದ್ದೂ ಅದೇ ಅಳತೆ. ರೇಸಿನ ಒಳ್ಳೆಯ ಫ್ರೇಮ್‌ಗಳಿಗೆ '4130' ಎಂಬ ಕ್ರೋಮಿಯಂ-ಮಾಲಿಬ್ಡಿನಂ ಉಕ್ಕು ಬಳಸುತ್ತಿದ್ದರು. ನಂಬರ್ ಉಜ್ಜಿ ಅಳಿಸಿದ್ದರೆ ಕಳ್ಳಮಾಲೂ ಇರಬಹುದು.

ಅಸಲಿ ಹಳೇದೇ ಸಿಕ್ಕಿದರೆ? ಹೊಸ ಪೇಂಟ್ ಹೊಡೆಸಬೇಡಿ. ಸಂಗ್ರಾಹಕರು ಬೆಲೆ ಕಟ್ಟುವುದು ಮೂಲ ಬಣ್ಣಕ್ಕೆ, ಮೂಲ ಬಿಡಿಭಾಗಗಳಿಗೆ.