ಕರುಳಿನ ಆಪರೇಷನ್ ನಂತರದ ನೋವು: ಶಮನದ ದಾರಿ ತೆರೆದ ಬಗೆ

ದೊಡ್ಡಕರುಳಿನ ಕ್ಯಾನ್ಸರ್‌ಗೆ ಆಪರೇಷನ್ ಮಾಡುವಾಗ ಗಡ್ಡೆಯಿರುವ ಕರುಳಿನ ಭಾಗವನ್ನು, ಅದರ ರಕ್ತನಾಳ ಮತ್ತು ದುಗ್ಧಗ್ರಂಥಿಗಳ ಸಮೇತ ತೆಗೆದು, ಉಳಿದ ಎರಡು ತುದಿಗಳನ್ನು ಸೇರಿಸಿ ಹೊಲಿಯಲಾಗುತ್ತದೆ. ಆಮೇಲೆ ಬರುವ ನೋವು ಒಂದೇ ತೆರನದಲ್ಲ. ಚರ್ಮ ಮತ್ತು ಸ್ನಾಯು ಕೊಯ್ದ ಜಾಗದ ನೋವು ಚುಚ್ಚುವಂಥದ್ದು. ಕೆಮ್ಮಿದರೆ, ಮಗ್ಗುಲು ಬದಲಿಸಿದರೆ ಹೆಚ್ಚುತ್ತದೆ. ಕರುಳಿನ ನೋವು ಹೊಟ್ಟೆಯಿಡೀ ಹರಡಿ ಹಿಂಡುತ್ತದೆ, ವಾಕರಿಕೆ ತರುತ್ತದೆ. ಕಿರುರಂಧ್ರಗಳ ಮೂಲಕ ಮಾಡುವ ಲ್ಯಾಪರೊಸ್ಕೋಪಿ ಆಪರೇಷನ್ ಮಾಡಿಸಿಕೊಂಡವರಿಗೆ ಭುಜ ನೋಯುವುದೂ ಉಂಟು. ಹೊಟ್ಟೆಗೆ ತುಂಬಿದ ಇಂಗಾಲದ ಡೈಆಕ್ಸೈಡ್ ವಪೆಯನ್ನು ಕೆರಳಿಸುತ್ತದೆ. ವಪೆಯ ನರವೂ ಭುಜದ ಸಂವೇದನೆಯೂ ಕುತ್ತಿಗೆಯ ಒಂದೇ ಮಟ್ಟದಿಂದ ಹೊರಡುವುದರಿಂದ ಮಿದುಳು ಆ ನೋವನ್ನು ಭುಜದ್ದೆಂದು ಎಣಿಸುತ್ತದೆ.

‘ಸ್ವಲ್ಪ ತಡ್ಕೊಳ್ಳಿ’ ಎಂಬ ಮಾತು ವಾರ್ಡುಗಳಲ್ಲಿ ಇಂದಿಗೂ ಕೇಳುತ್ತದೆ. ಆದರೆ ತಡೆದುಕೊಂಡರೆ ಕೆಡುಕೇ ಹೆಚ್ಚು. ಹೊಟ್ಟೆ ನೋಯುವವರು ಆಳವಾಗಿ ಉಸಿರೆಳೆಯುವುದಿಲ್ಲ, ಕೆಮ್ಮಲು ಹೆದರುತ್ತಾರೆ. ಶ್ವಾಸಕೋಶದ ತಳದಲ್ಲಿ ಕಫ ಕಟ್ಟಿ ನ್ಯುಮೋನಿಯಾ ಆಗಬಹುದು. ಹಾಸಿಗೆ ಬಿಟ್ಟು ಏಳದಿದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಹಾಗಾಗಿ ನೋವು ಕಡಿಮೆ ಮಾಡುವುದು ರೋಗಿಯ ಮೇಲಿನ ಕನಿಕರವಷ್ಟೇ ಅಲ್ಲ, ಚಿಕಿತ್ಸೆಯದೇ ಭಾಗ. ವೈದ್ಯಲೋಕ ಇದನ್ನು ಒಪ್ಪಿಕೊಳ್ಳಲು ನೂರು ವರ್ಷಕ್ಕೂ ಮಿಕ್ಕಿ ಹಿಡಿಯಿತು.

1846ರ ಅಕ್ಟೋಬರಿನಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಈಥರ್ ಅರಿವಳಿಕೆಯ ಪ್ರದರ್ಶನ ನಡೆಯಿತು. ಮರುವರ್ಷವೇ ಅದು ಕಲ್ಕತ್ತೆ ತಲುಪಿತು. ಬೆಂಗಳೂರಿನ ಸಿಟಿ ಮಾರ್ಕೆಟ್ ಬಳಿಯ ವಿಕ್ಟೋರಿಯಾ ಆಸ್ಪತ್ರೆ 1900ರಲ್ಲಿ ಬಾಗಿಲು ತೆರೆಯುವ ಹೊತ್ತಿಗೆ ಜ್ಞಾನ ತಪ್ಪಿಸಿ ಆಪರೇಷನ್ ಮಾಡುವುದು ಹೊಸದಾಗಿ ಉಳಿದಿರಲಿಲ್ಲ. 1908ರಲ್ಲಿ ಲಂಡನ್ನಿನ ಅರ್ನೆಸ್ಟ್ ಮೈಲ್ಸ್ ಗುದನಾಳದ ಕ್ಯಾನ್ಸರನ್ನು ಹೊಟ್ಟೆಯಿಂದಲೂ ಕೆಳಗಿನಿಂದಲೂ ಬಿಡಿಸಿ ತೆಗೆಯುವ ವಿಧಾನ ಪ್ರಕಟಿಸಿದರು. ಕೊಯ್ಯುವ ಕಲೆ ಇಷ್ಟು ಮುಂದೆ ಹೋದರೂ ಎಚ್ಚರವಾದ ಮೇಲಿನ ನೋವಿಗೆ ಇದ್ದದ್ದು, ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಜರ್ಮನಿಯ ಸೆರ್ಟ್ಯೂರ್ನರ್ ಅಫೀಮಿನಿಂದ ಬೇರ್ಪಡಿಸಿದ ಮಾರ್ಫೀನ್ ಒಂದೇ ಎನ್ನಬಹುದು.

ಕರುಳಿನ ಆಪರೇಷನ್‌ನಲ್ಲಿ ಈ ಮದ್ದು ಒಂದು ಇಕ್ಕಟ್ಟನ್ನೂ ತರುತ್ತದೆ. ಮಾರ್ಫೀನ್ ಹಿಡಿದುಕೊಳ್ಳುವ ಗ್ರಾಹಕಗಳು ಮಿದುಳು ಮತ್ತು ಬೆನ್ನುಹುರಿಯಲ್ಲಿರುವಂತೆ ಕರುಳಿನ ಗೋಡೆಯಲ್ಲೂ ಇವೆ. ಮುಟ್ಟಿ, ಎಳೆದು, ಹೊಲಿದ ಕರುಳು ಹೇಗೂ ಕೆಲವು ದಿನ ಸ್ತಬ್ಧವಾಗಿರುತ್ತದೆ. ಮಾರ್ಫೀನ್ ಸೇರಿದರೆ ಚಲನೆ ಇನ್ನಷ್ಟು ತಡವಾಗುತ್ತದೆ. ಹೊಟ್ಟೆ ಉಬ್ಬುತ್ತದೆ, ಉಬ್ಬಿದ ಹೊಟ್ಟೆ ಮತ್ತೆ ನೋಯುತ್ತದೆ. ರೌಂಡ್ಸ್‌ಗೆ ಬಂದ ಡಾಕ್ಟರ್ ದಿನವೂ ‘ಗ್ಯಾಸ್ ಹೋಯ್ತಾ?’ ಎಂದು ಕೇಳುವುದು ಇದಕ್ಕೇ. ನೋವನ್ನೂ ಇಳಿಸಬೇಕು, ಕರುಳನ್ನೂ ಮಲಗಿಸಬಾರದು: ಮುಂದಿನ ಶೋಧಗಳೆಲ್ಲ ಈ ಗಂಟನ್ನು ಬಿಡಿಸಲು ಹೊರಟವು.

ಆದರೆ ನಮ್ಮ ಆಸ್ಪತ್ರೆಗಳಲ್ಲಿ ಬಹುಕಾಲ ನಡೆದದ್ದು ಸೊಂಟಕ್ಕೋ ತೋಳಿಗೋ ಚುಚ್ಚುವ ಇಂಜೆಕ್ಷನ್‌ಗಳ ಪದ್ಧತಿ. ಪೆಥಿಡಿನ್, ಇಲ್ಲವೇ ಫೆನರ್ಗನ್ ಜೊತೆ ಫೋರ್ಟ್‌ವಿನ್. ರೋಗಿ ನರಳಿದಾಗ ಮನೆಯವರು ನರ್ಸ್ ಬಳಿ ಓಡುವರು. ಇಂಜೆಕ್ಷನ್ ಬಿದ್ದಮೇಲೆ ಮಂಪರು, ಮಂಪರು ಇಳಿದಂತೆ ಮತ್ತೆ ನರಳಾಟ. ನೋವು ಏರಿದ ಮೇಲೆ ಬೆನ್ನಟ್ಟುವ ಈ ಪದ್ಧತಿಯಲ್ಲಿ ಔಷಧವೂ ಹೆಚ್ಚು ಬೇಕಾಗುತ್ತಿತ್ತು, ಸಂಕಟವೂ ಹೆಚ್ಚು.

ಬೆನ್ನಿನ ಮೂಲಕ ನೋವು ತಡೆಯುವ ಎಪಿಡ್ಯೂರಲ್ ವಿಧಾನವನ್ನು ಸ್ಪೇನ್‌ನ ಸೇನಾವೈದ್ಯ ಫಿಡೆಲ್ ಪಾಹೆಸ್ 1921ರಲ್ಲಿ ವಿವರಿಸಿದ್ದರು. ಶ್ಯಾವಿಗೆ ಎಳೆಯಷ್ಟು ತೆಳುವಾದ ಕೊಳವೆಯನ್ನು ಬೆನ್ನುಹುರಿಯ ಹೊದಿಕೆಯ ಹೊರಗೆ ಕೂರಿಸಿ, ದಿನಗಟ್ಟಲೆ ಹನಿಹನಿಯಾಗಿ ಔಷಧ ಬಿಡುವ ಪದ್ಧತಿ ಆಮೇಲೆ ಬಂತು. ಮರಗಟ್ಟಿಸುವ ಔಷಧ ಅಲ್ಲಿ ನೋವಿನ ಸಂದೇಶವನ್ನು ನಿಲ್ಲಿಸುವುದರ ಜೊತೆಗೆ, ಕರುಳಿನ ಚಲನೆಗೆ ತಡೆಯೊಡ್ಡುವ ನರಗಳನ್ನೂ ತಣ್ಣಗಾಗಿಸುತ್ತದೆ. ಹೊಟ್ಟೆ ತೆರೆದು ಮಾಡುವ ದೊಡ್ಡ ಆಪರೇಷನ್‌ಗಳಿಗೆ ಇದು ವರವಾಯಿತು. ಆದರೆ ರಕ್ತದೊತ್ತಡ ಕುಸಿಯಬಹುದು, ಮೂತ್ರ ಕಟ್ಟಬಹುದು, ಕಾಲು ಭಾರವಾಗಬಹುದು. ಹಗಲಿರುಳು ಗಮನವಿಡುವ ಸಿಬ್ಬಂದಿ ಇಲ್ಲದ ಕಡೆ ಇದನ್ನು ನಡೆಸುವುದು ಸರಿಯಲ್ಲ.

ನಿಜವಾದ ತಿರುವು ತಂದವರು ಡೆನ್ಮಾರ್ಕ್‌ನ ಶಸ್ತ್ರವೈದ್ಯ ಹೆನ್ರಿಕ್ ಕೆಹ್ಲೆಟ್. ಆಪರೇಷನ್ ಚೆನ್ನಾಗಿಯೇ ಆದಮೇಲೂ ರೋಗಿ ಆಸ್ಪತ್ರೆಯಲ್ಲೇ ಏಕೆ ಉಳಿಯಬೇಕು ಎಂದು ಅವರು ಕೇಳಿಕೊಂಡರು. ಒಂದೇ ಬಲವಾದ ಮದ್ದಿನ ಬದಲು ಬೇರೆಬೇರೆ ಹಾದಿಯಲ್ಲಿ ಕೆಲಸ ಮಾಡುವ ಹಲವು ಮದ್ದುಗಳನ್ನು ಹಿತಮಿತವಾಗಿ ಕೂಡಿಸಿ, ಬೇಗ ಉಣಿಸಿ, ಬೇಗ ನಡೆಸುವ ಕ್ರಮವನ್ನು 1990ರ ದಶಕದಲ್ಲಿ ಮುಂದಿಟ್ಟರು. ‘ಎರಾಸ್’ (ಆಪರೇಷನ್ ನಂತರದ ತ್ವರಿತ ಚೇತರಿಕೆ) ಎಂದು ಕರೆಯುವ ಇಂದಿನ ಪದ್ಧತಿಯ ಬೇರು ಅದೇ. ಪ್ಯಾರಾಸಿಟಮಾಲನ್ನು ನೋವು ಬರಲೆಂದು ಕಾಯದೆ ಹೊತ್ತುಹೊತ್ತಿಗೆ ಕೊಡುತ್ತಾರೆ. ಊತ ತಗ್ಗಿಸುವ ನೋವುಮಾತ್ರೆಗಳನ್ನು ಮೂತ್ರಪಿಂಡದ ಸ್ಥಿತಿ, ಕರುಳಿನ ಹೊಲಿಗೆಯ ಕ್ಷೇಮ ನೋಡಿಕೊಂಡೇ ಸೇರಿಸುತ್ತಾರೆ. 2001ರಲ್ಲಿ ಐರ್ಲೆಂಡ್‌ನಿಂದ ವರದಿಯಾದ ‘ಟ್ಯಾಪ್ ಬ್ಲಾಕ್’ನಲ್ಲಿ ಹೊಟ್ಟೆಗೋಡೆಯ ಸ್ನಾಯುಪದರಗಳ ನಡುವೆಯೇ ಔಷಧ ಹಾಕಿ ಅಲ್ಲಿನ ನರಗಳನ್ನು ಮರಗಟ್ಟಿಸುತ್ತಾರೆ, ಈಗ ಸ್ಕ್ಯಾನಿಂಗ್ ಪರದೆ ನೋಡುತ್ತಲೇ ಸೂಜಿ ಇಳಿಸುವುದು ರೂಢಿ. ಇಷ್ಟಾದ ಮೇಲೂ ನೋವು ಉಳಿದರೆ ಮಾತ್ರ ಮಾರ್ಫೀನ್ ಅಥವಾ ಫೆಂಟನಿಲ್. ಕೆಮ್ಮುವಾಗ ದಿಂಬನ್ನು ಹೊಲಿಗೆಯ ಮೇಲೆ ಒತ್ತಿ ಹಿಡಿಯುವುದನ್ನೂ ಹೇಳಿಕೊಡುತ್ತಾರೆ. ಖರ್ಚಿಲ್ಲದ ಈ ಉಪಾಯ ಬಹಳ ಉಪಕಾರಿ. ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟು ಎಂದು ಕೇಳುವಾಗ ಮಲಗಿದ್ದಾಗಿನ ನೋವನ್ನಷ್ಟೇ ಹೇಳಿದರೆ ಸಾಲದು, ಕೆಮ್ಮಿದಾಗಿನದನ್ನೂ ಹೇಳಬೇಕು. ಹಿರಿಯರು, ಅದರಲ್ಲೂ ಹೆಂಗಸರು, ‘ಪರವಾಗಿಲ್ಲ’ ಎಂದುಬಿಡುವುದರಿಂದ ಚಿಕಿತ್ಸೆ ಎಷ್ಟೋ ಸಲ ದಾರಿ ತಪ್ಪುತ್ತದೆ.

ಡಿಸ್ಚಾರ್ಜ್ ಆಗಿ ಮನೆ ಸೇರಿದ ಮೇಲೆ ನೋವು ದಿನೇದಿನೇ ಇಳಿಮುಖವಾಗಬೇಕು. ಇಳಿದ ನೋವು ಮತ್ತೆ ಏರಿ ಜ್ವರ, ವಾಂತಿ, ಹೊಟ್ಟೆಯುಬ್ಬರ, ವೇಗದ ನಾಡಿ ಕಂಡರೆ ಹೊಲಿಗೆ ಸೋರಿಕೆಯೋ ಕರುಳಿನ ತಡೆಯೋ ಇರಬಹುದು. ಮಾತ್ರೆ ನುಂಗಿ ಬೆಳಗಾಗಲೆಂದು ಕಾಯದೆ ಆಪರೇಷನ್ ಮಾಡಿದ ಆಸ್ಪತ್ರೆಗೇ ಹೋಗಬೇಕು. ನೋವಿಗೆ ಟ್ರಮಡಾಲ್ ಮಾತ್ರೆ ಬರೆದಿದ್ದರೆ ಮಲಬದ್ಧತೆಯ ಬಗ್ಗೆಯೂ ಕೇಳಿಕೊಳ್ಳಬೇಕು. 2018ರಿಂದ ಮಾರ್ಫೀನ್‌ನಂತೆ ಅದೂ ಮಾದಕದ್ರವ್ಯ ಕಾಯ್ದೆಯ ವ್ಯಾಪ್ತಿಯಲ್ಲಿದೆ. ಮೆಡಿಕಲ್ ಸ್ಟೋರ್‌ನವರು ಚೀಟಿ ಕೇಳುವುದು ಸರಿಯಾಗಿಯೇ ಇದೆ.

ಕೆಲವರ ನೋವು ತಿಂಗಳುಗಟ್ಟಲೆ ಉಳಿಯುತ್ತದೆ. ಗುದನಾಳವನ್ನೇ ತೆಗೆಸಿಕೊಂಡವರಿಗೆ ಇಲ್ಲದ ಗುದದಲ್ಲಿ ಒತ್ತಡ, ನೋವು ಅನ್ನಿಸುವುದುಂಟು. ಅದು ಭ್ರಮೆಯಲ್ಲ, ಕತ್ತರಿಸಿದ ನರಗಳ ಕೆಲಸ. ಆಕ್ಸಾಲಿಪ್ಲಾಟಿನ್ ಕಿಮೋ ಪಡೆದವರಿಗೆ ತಣ್ಣೀರು ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ. ಇಂಥ ನರನೋವಿಗೆ ಮಾಮೂಲಿ ನೋವುಮಾತ್ರೆ ನಾಟುವುದಿಲ್ಲ, ಔಷಧವೇ ಬೇರೆ.

ಕಾಯಿಲೆ ಮರಳಿ ಬಂದವರ ಪಾಡು ಬಹುಕಾಲ ಕಠಿಣವಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಕ್ಯಾನ್ಸರ್ ನೋವಿಗೆ ಮೆಟ್ಟಿಲು ಮೆಟ್ಟಿಲಾಗಿ ಮಾತ್ರೆ ಕೊಡುವ ಕ್ರಮ ಪ್ರಕಟಿಸಿತು. ಆದರೆ ಅದಕ್ಕೆ ಹಿಂದಿನ ವರ್ಷವೇ ಭಾರತದಲ್ಲಿ ಬಂದ ಮಾದಕದ್ರವ್ಯ ಕಾಯ್ದೆಯಿಂದಾಗಿ ಹಲವು ಲೈಸೆನ್ಸ್‌ಗಳ ರಗಳೆಗೆ, ಶಿಕ್ಷೆಯ ಭಯಕ್ಕೆ ಆಸ್ಪತ್ರೆಗಳು ಮಾರ್ಫೀನ್ ಇಡುವುದನ್ನೇ ಬಿಟ್ಟವು. ಕಾನೂನುಬದ್ಧವಾಗಿ ಅಫೀಮು ಬೆಳೆಯುವ ದೇಶದಲ್ಲೇ ಕ್ಯಾನ್ಸರ್ ರೋಗಿಗೆ ಮಾರ್ಫೀನ್ ಸಿಗದೇ ಹೋದದ್ದು ದೊಡ್ಡ ಅನ್ಯಾಯ. 2014ರ ತಿದ್ದುಪಡಿಯು ಮಾರ್ಫೀನ್‌ನಂಥ ಅಗತ್ಯ ಔಷಧಗಳಿಗೆ ದೇಶಕ್ಕೆಲ್ಲ ಒಂದೇ ನಿಯಮ ತಂದು, ಮಾನ್ಯತೆ ಪಡೆದ ಆಸ್ಪತ್ರೆಗಳ ದಾರಿ ಸುಗಮಗೊಳಿಸಿತು. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯಲ್ಲಿ ಇಂಥ ರೋಗಿಗಳಿಗೆ ಉಪಶಾಮಕ ಚಿಕಿತ್ಸೆಯ ವಿಭಾಗವಿದೆ. 1994ರಲ್ಲಿ ಸ್ಥಾಪನೆಯಾದ ಬೆಂಗಳೂರು ಹಾಸ್ಪೈಸ್ ಟ್ರಸ್ಟ್‌ನ ‘ಕರುಣಾಶ್ರಯ’ ಮಾರತಹಳ್ಳಿ ಬಳಿಯ ತನ್ನ ಕಟ್ಟಡದಲ್ಲಿ ರೋಗಿಗಳನ್ನು ಇರಿಸಿಕೊಂಡು ನೋಡಿಕೊಳ್ಳುವುದಲ್ಲದೆ, ಮನೆಗೂ ತಂಡ ಕಳಿಸುತ್ತದೆ. ಎರಡಕ್ಕೂ ಹಣ ಪಡೆಯುವುದಿಲ್ಲ.