ತನ್ನ ಪತ್ರಕ್ಕೆ ತನ್ನದೇ ಮುದ್ರೆ

ಖಾನಾಪುರದ ಸಂತೆಯಲ್ಲಿ ಕಾಳು ಕೊಳ್ಳುವಾಗ ನಾವು ತಕ್ಕಡಿಯ ಮುಳ್ಳನ್ನು ನೋಡುತ್ತೇವೆ. ತೂಕದ ಕಲ್ಲನ್ನು ಮಗುಚಿ ನೋಡುವವರು ವಿರಳ. ಮಗುಚಿದರೆ ಅಲ್ಲಿ ಸರಕಾರದ ಮಾಪನ ಇಲಾಖೆಯ ಮುದ್ರೆ ಇರಬೇಕು. ಆ ಮುದ್ರೆಯಿಂದ ಕಲ್ಲಿನ ತೂಕವೇನೂ ಬದಲಾಗುವುದಿಲ್ಲ. ಮಾರುವವನೂ ಕೊಳ್ಳುವವನೂ ಅಲ್ಲದ ಮೂರನೆಯವನೊಬ್ಬನು ಸಾಕ್ಷಿ ನಿಂತಿದ್ದಾನೆಂಬುದಷ್ಟೇ ಅದರ ಅರ್ಥ. ಅಂಗಡಿಯವನು ತನ್ನ ಕಲ್ಲಿಗೆ ತಾನೇ ಮುದ್ರೆ ಒತ್ತಿಕೊಂಡರೆ? ಕಲ್ಲು ಸರಿಯಾಗಿಯೇ ಇರಬಹುದು, ಆದರೆ ಸಾಕ್ಷಿಯಿಲ್ಲ.

ಗಣಕಯಂತ್ರಗಳ ಲೋಕದಲ್ಲಿಯೂ ಇದೇ ಪ್ರಶ್ನೆ ಏಳುತ್ತದೆ. ಬೆಳಗಾವಿಯ ಆಟೋ ನಗರದ ಗ್ಯಾರೇಜೊಂದರಲ್ಲಿ, ದುರಸ್ತಿಗೆ ಬಂದ ವಾಹನಗಳ ಲೆಕ್ಕವಿಡಲು ತರುಣನೊಬ್ಬನು ಜಾಲಪುಟವೊಂದನ್ನು ರಚಿಸುತ್ತಿದ್ದಾನೆಂದು ಭಾವಿಸೋಣ. ಮೊಬೈಲಿನ ಕ್ಯಾಮೆರಾದಿಂದ ನಂಬರ್ ಪ್ಲೇಟಿನ ಚಿತ್ರ ತೆಗೆಯಬೇಕು. ತನ್ನ ಯಂತ್ರದಲ್ಲಿಯೇ ಪುಟವನ್ನು ತೆರೆದಾಗ ಅದರ ವಿಳಾಸ ‘ಲೋಕಲ್‌ಹೋಸ್ಟ್’, ಅಂಕಿಗಳಲ್ಲಿ 127.0.0.1. ಮಾತು ಯಂತ್ರದಿಂದ ಹೊರಗೆ ಹೋಗದಿರುವುದರಿಂದ ಬ್ರೌಸರು ಕ್ಯಾಮೆರಾ ಬಳಸಗೊಡುತ್ತದೆ. ಅದೇ ಪುಟವನ್ನು ವೈಫೈ ಮೂಲಕ ಮೊಬೈಲಿನಲ್ಲಿ 192.168.1.10 ಎಂಬಂತಹ ವಿಳಾಸದಿಂದ ತೆರೆದರೆ ಕ್ಯಾಮೆರಾ ಮುಷ್ಕರ ಹೂಡುತ್ತದೆ! ನಡುದಾರಿಯಲ್ಲಿ ಯಾರಾದರೂ ಕದ್ದು ಕೇಳಬಹುದು. ಆದುದರಿಂದ ಗೂಢಲಿಪಿಯ ಹಾದಿಯಲ್ಲಿ ಬಂದ ಪುಟಕ್ಕೆ ಮಾತ್ರ ಅನುಮತಿ. ಆ ಹಾದಿಗೆ ಬೇಕಾದ ರಹದಾರಿಯೇ ಭದ್ರತಾ ಪ್ರಮಾಣಪತ್ರ.

ಇದರ ಮರ್ಮವಿರುವುದು ಜೋಡಿ ಕೀಲಿಗಳಲ್ಲಿ. 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ರೂಪಿಸಿದ ಪ್ರಸಿದ್ಧ ವಿಧಾನದಲ್ಲಿ ಒಂದು ಕೀಲಿ ಬಹಿರಂಗ, ಇನ್ನೊಂದು ಗುಪ್ತ. ಗುಪ್ತ ಕೀಲಿಯಿಂದ ಹಾಕಿದ ಸಹಿಯನ್ನು ಬಹಿರಂಗ ಕೀಲಿಯಿಂದ ಯಾರಾದರೂ ಪರೀಕ್ಷಿಸಬಹುದು. 2048 ಬಿಟ್ಟುಗಳ ಕೀಲಿಯ ಆಧಾರಸಂಖ್ಯೆಯನ್ನು ಬರೆದರೆ 617 ಅಂಕಿಗಳಾಗುತ್ತವೆ. ಎರಡು ಅವಿಭಾಜ್ಯ ಸಂಖ್ಯೆಗಳ ಆ ಗುಣಲಬ್ಧವನ್ನು ಮರಳಿ ಒಡೆಯುವುದು ಇಂದಿನ ಯಂತ್ರಗಳಿಗೆ ಅಸಾಧ್ಯ. ಪ್ರಮಾಣಪತ್ರದಲ್ಲಿರುವುದು ಒಂದು ಹೆಸರು, ಒಂದು ಬಹಿರಂಗ ಕೀಲಿ, ವಾಯಿದೆಯ ದಿನಾಂಕಗಳು, ಕೊನೆಗೆ ಸಾಕ್ಷಿಯ ಸಹಿ. 2015ರಿಂದ ‘ಲೆಟ್ಸ್ ಎನ್‌ಕ್ರಿಪ್ಟ್’ ಸಂಸ್ಥೆ ಇಂತಹ ಪತ್ರಗಳನ್ನು ಉಚಿತವಾಗಿ ನೀಡುತ್ತಿದೆ. ಆದರೆ 192.168.1.10 ಲಕ್ಷಾಂತರ ಮನೆಗಳಲ್ಲಿ ಬಳಕೆಯಾಗುವ ವಿಳಾಸ. ಅದು ಇಂಥವನದೇ ಎಂದು ಯಾವ ಸಾರ್ವಜನಿಕ ಸಂಸ್ಥೆ ತಾನೇ ಸಹಿ ಹಾಕೀತು? ಹೀಗಾಗಿ ನಮ್ಮ ತರುಣನು ತಾನೇ ಸಹಿ ಹಾಕಿಕೊಳ್ಳಬೇಕಾಗುತ್ತದೆ.

ಕೆಲಸ ಕಠಿಣವಲ್ಲ. ‘ಓಪನ್‌ಎಸ್‌ಎಸ್‌ಎಲ್’ ಎಂಬ ಉಚಿತ ಸಾಧನಕ್ಕೆ ಒಂದೇ ಸಾಲಿನ ಆಜ್ಞೆಯಿತ್ತರೆ ಕೀಲಿಯೂ ಪತ್ರವೂ ಸಿದ್ಧ. ಪರ್ಯಾಯ ಹೆಸರುಗಳ ಪಟ್ಟಿಯಲ್ಲಿ ವಿಳಾಸವನ್ನು ತಪ್ಪದೆ ನಮೂದಿಸಬೇಕು. 2017ರಿಂದ ಕ್ರೋಮ್ ಬ್ರೌಸರು ಹಳೆಯ ಹೆಸರಿನ ಅಂಕಣವನ್ನು ಗಣನೆಗೇ ತೆಗೆದುಕೊಳ್ಳುವುದಿಲ್ಲ. ಇಷ್ಟಾದರೂ ಎಚ್ಚರಿಕೆಯ ಪುಟ ಎದುರಾಗುತ್ತದೆ. ಬೀಗ ದುರ್ಬಲವೆಂದು ಅದರ ಅರ್ಥವಲ್ಲ. ಗೂಢಲಿಪಿ ಅಷ್ಟೇ ಬಲವಾದುದು. ಆದರೆ ಇದೇ ಹೆಸರಿನ ಇನ್ನೊಂದು ಪತ್ರವನ್ನು ಕಳ್ಳನೂ ಸೃಷ್ಟಿಸಬಲ್ಲನಷ್ಟೆ! ಬೀಗದ ಆಚೆ ಇರುವವನು ಯಾರೆಂಬುದಕ್ಕೆ ಸಾಕ್ಷಿಯಿಲ್ಲವೆಂದೇ ಬ್ರೌಸರು ಹೇಳುತ್ತಿರುವುದು.

ಎಚ್ಚರಿಕೆಯನ್ನು ದಿನವೂ ಒತ್ತಿ ದಾಟುವ ಚಾಳಿ ಒಳ್ಳೆಯದಲ್ಲ. ಬ್ಯಾಂಕಿನ ಪುಟದಲ್ಲಿ ನಿಜವಾದ ಅಪಾಯ ಬಂದಾಗಲೂ ಬೆರಳು ತಾನಾಗಿ ಒತ್ತಿಬಿಡುತ್ತದೆ. ಅದಕ್ಕಿಂತ ತನ್ನದೇ ಒಂದು ‘ಮೂಲ ಪತ್ರ’ವನ್ನು ಮಾಡಿ, ಅದನ್ನು ತನ್ನ ಯಂತ್ರಕ್ಕೂ ಮೊಬೈಲಿಗೂ ಪರಿಚಯಿಸಿ, ಉಳಿದ ಪತ್ರಗಳಿಗೆ ಅದರಿಂದ ಸಹಿ ಹಾಕುವುದು ಲೇಸು. 2018ರಲ್ಲಿ ಫಿಲಿಪ್ಪೊ ವಾಲ್ಸೋರ್ಡಾ ಪ್ರಕಟಿಸಿದ ‘ಎಂಕೆಸರ್ಟ್’ ಸಾಧನ ಇದನ್ನು ಸುಲಭಗೊಳಿಸಿದೆ. ಆದರೆ ಆ ಮೂಲದ ಗುಪ್ತ ಕೀಲಿ ಪರರ ಕೈಸೇರಿದರೆ, ಅದನ್ನು ನಂಬಿದ ಮೊಬೈಲಿಗೆ ಯಾವ ಬ್ಯಾಂಕಿನ ವೇಷದಲ್ಲಿಯಾದರೂ ಎದುರಾಗಬಹುದು. ಅದನ್ನು ಯಾರಿಗೂ ಕಳುಹಿಸಬಾರದು. ಗಿರಾಕಿಗಳ ಮೊಬೈಲಿನಲ್ಲಿ ತನ್ನ ಮೂಲ ಪತ್ರವನ್ನು ಸ್ಥಾಪಿಸಲೂ ಬಾರದು.

ಇದು ಬರಿಯ ಭೀತಿಯಲ್ಲ. 2014ರ ಜುಲೈನಲ್ಲಿ ನಮ್ಮ ದೇಶದ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಅಧಿಕಾರದಡಿ ಗೂಗಲ್ ಹೆಸರಿಗೆ ಅನಧಿಕೃತ ಪತ್ರಗಳು ಹೊರಟಿದ್ದುದು ಬೆಳಕಿಗೆ ಬಂತು. ಅದರ ಮೇಲಿನ ಭಾರತೀಯ ಮೂಲ ಪತ್ರವನ್ನು ವಿಂಡೋಸ್ ನಂಬುತ್ತಿದ್ದುದರಿಂದ ಆ ಯಂತ್ರಗಳಿಗೆ ಅಪಾಯವಿತ್ತು. ತನ್ನದೇ ಪಟ್ಟಿಯನ್ನಿಟ್ಟುಕೊಂಡಿದ್ದ ಫೈರ್‌ಫಾಕ್ಸ್ ಅದನ್ನು ನಂಬಿರಲಿಲ್ಲ. ಕೊಟ್ಟಿದ್ದ ಅಧಿಕಾರಪತ್ರಗಳನ್ನು ಆಗ ರದ್ದುಗೊಳಿಸಬೇಕಾಯಿತು.

ಹಾಗಾದರೆ ಮೂಲ ಪತ್ರಕ್ಕೆ ಸಹಿ ಹಾಕುವವರು ಯಾರು? ಅದು ತಾನೇ! ಜಗತ್ತಿನ ದೊಡ್ಡ ಸಂಸ್ಥೆಗಳ ಮೂಲ ಪತ್ರಗಳೂ ಸ್ವಯಂಸಹಿಯವೇ. ಇದರಲ್ಲಿ ಅಚ್ಚರಿಯಿಲ್ಲ. ಸಂತೆಯ ಕಲ್ಲನ್ನು ಇನ್ನೊಂದು ಕಲ್ಲಿನೊಡನೆ, ಅದನ್ನು ಮತ್ತೊಂದರೊಡನೆ ಹೋಲಿಸುತ್ತ ಹೋದರೆ, 1889ರಿಂದ 2019ರವರೆಗೆ ಪ್ಯಾರಿಸಿನ ಬಳಿ ಇರಿಸಿದ್ದ ಲೋಹದ ತುಂಡೊಂದನ್ನು ತಲಪುತ್ತಿದ್ದೆವು. ಅದು ಒಂದು ಕಿಲೋಗ್ರಾಂ ಏಕೆಂದರೆ, ಹಾಗೆಂದು ರಾಷ್ಟ್ರಗಳೆಲ್ಲ ಒಪ್ಪಿದ್ದವು. ಸಹಿಗಳ ಸರಪಳಿ ಎಷ್ಟೇ ಉದ್ದವಿರಲಿ, ಅದರ ಕೊನೆಯ ಕೊಂಡಿ ಮನುಷ್ಯನ ಒಪ್ಪಿಗೆ. ತನ್ನ ಗ್ಯಾರೇಜಿನೊಳಗೆ ತರುಣನು ತನ್ನ ಮುದ್ರೆಯನ್ನು ತಾನು ಧಾರಾಳವಾಗಿ ನಂಬಲಿ. ಸಂತೆಗೆ ಬಂದಾಗ ಮಾತ್ರ ಮೂರನೆಯವನ ಮುದ್ರೆ ಇರಲಿ.