ಆನ್ ಮೊದಲ ಸ್ಥಾನಕ್ಕೆ ಬಂದಾಗ

1960ರ ದಶಕದ ನಡುಭಾಗ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರದ ಸಂಶೋಧನೆ ನಡೆಸುತ್ತಿದ್ದ ಮಟೀನಾ ಹಾರ್ನರ್, 90 ವಿದ್ಯಾರ್ಥಿನಿಯರಿಗೆ ಕಥೆಯ ಒಂದು ಎಳೆ ಕೊಟ್ಟರು. ಆನ್ ಎಂಬ ಹುಡುಗಿ ಮೆಡಿಕಲ್ ಕಾಲೇಜಿನ ಮೊದಲ ಪರೀಕ್ಷೆಯಲ್ಲಿ ಇಡೀ ತರಗತಿಗೇ ಮೊದಲಿಗಳಾಗಿದ್ದಾಳೆ. ಮುಂದೇನಾಯಿತು, ಬರೆಯಿರಿ ಎಂದರು. 88 ಹುಡುಗರಿಗೂ ಅದೇ ಎಳೆ ಸಿಕ್ಕಿತು. ಹೆಸರು ಮಾತ್ರ ಜಾನ್.

ಜಾನ್‌ನ ಕಥೆಗಳು ಹೆಚ್ಚಾಗಿ ಸುಖವಾಗಿ ಮುಗಿದವು. ಆನ್‌ಳ ಕಥೆಗಳು ಹಾಗಿರಲಿಲ್ಲ. ಒಂದರಲ್ಲಿ ಅವಳು ಬೇಕೆಂದೇ ಅಂಕ ಕಡಿಮೆ ಮಾಡಿಕೊಂಡು, ಪ್ರೀತಿಸಿದ ಹುಡುಗನನ್ನು ಮುಂದೆ ಬಿಟ್ಟು, ಓದು ನಿಲ್ಲಿಸಿ ಅವನನ್ನು ಮದುವೆಯಾಗುತ್ತಾಳೆ. ಇನ್ನೊಂದರಲ್ಲಿ ಸಹಪಾಠಿಗಳೇ ಸೇರಿ ಅವಳನ್ನು ಹೊಡೆಯುತ್ತಾರೆ. ಮತ್ತೊಂದರಲ್ಲಿ ಆನ್ ಎಂಬುವಳೇ ಇಲ್ಲ. ಅದು ಕೆಲವು ವಿದ್ಯಾರ್ಥಿಗಳು ಸೇರಿ ಹುಟ್ಟಿಸಿದ ಸುಳ್ಳು ಹೆಸರು, ಪರೀಕ್ಷೆಯನ್ನು ಸರದಿಯಂತೆ ಅವರೇ ಬರೆಯುತ್ತಿದ್ದಾರೆ! ಹುಡುಗಿಯರಲ್ಲಿ ಶೇ 65ರಷ್ಟು ಮಂದಿಯ ಕಥೆಗಳಲ್ಲಿ ಗೆಲುವಿನ ಜೊತೆಗೇ ಆತಂಕವೂ ಇತ್ತು. ಹುಡುಗರಲ್ಲಿ ಅಂಥವರು ಶೇ 10ಕ್ಕಿಂತ ಕಡಿಮೆ.

‘ಯಶಸ್ಸಿನ ಭಯ’ ಎಂಬ ಮಾತು ಜನರ ಬಾಯಿಗೆ ಬಂದದ್ದು ಹೀಗೆ.

ಆ ಅನುಭವವೇನೂ ಹೊಸದಲ್ಲ. 1916ರಲ್ಲೇ ಮನೋವಿಶ್ಲೇಷಕ ಫ್ರಾಯ್ಡ್, ಗೆಲುವು ಕೈಗೆ ಸಿಕ್ಕ ಗಳಿಗೆಯಲ್ಲೇ ಕುಸಿಯುವವರ ಬಗ್ಗೆ ಬರೆದಿದ್ದರು. ಗುರುವಿನ ಸ್ಥಾನಕ್ಕೆ ಬರಬೇಕೆಂದು ವರ್ಷಗಟ್ಟಲೆ ಆಸೆಪಟ್ಟ ಅಧ್ಯಾಪಕನೊಬ್ಬ, ಆ ಸ್ಥಾನ ಸಿಗುವ ಹೊತ್ತಿಗೆ ಖಿನ್ನತೆಗೆ ಬಿದ್ದು ಕೆಲಸವನ್ನೇ ಮಾಡಲಾರದವನಾದ. ಆದರೆ ಫ್ರಾಯ್ಡ್ ಕಾರಣವನ್ನು ವ್ಯಕ್ತಿಯ ಒಳಗಿನ ಅಪರಾಧ ಪ್ರಜ್ಞೆಯಲ್ಲಿ ಹುಡುಕಿದರು. ಹಾರ್ನರ್ ಹೊರಟದ್ದು ಬೇರೆ ಪ್ರಶ್ನೆಯಿಂದ. ಅವರ ಗುರು ಜಾನ್ ಅಟ್ಕಿನ್ಸನ್ ಮತ್ತು ಇನ್ನೊಬ್ಬ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್ಲೆಲೆಂಡ್ ಸಾಧನೆಯ ಹಂಬಲವನ್ನು ಅಳೆಯುವ ವಿಧಾನ ರೂಪಿಸಿದ್ದರು. ಅದು ಗಂಡಸರಿಗೆ ಹೊಂದುತ್ತಿತ್ತು, ಹೆಂಗಸರ ಉತ್ತರಗಳು ಮಾತ್ರ ಅದಕ್ಕೆ ಸರಿಯಾಗಿ ಕೂರುತ್ತಿರಲಿಲ್ಲ. ಗೆಲ್ಲುವ ಆಸೆ, ಸೋಲುವ ಭಯ ಎಂಬ ಎರಡರ ಜೊತೆಗೆ ಮೂರನೆಯದೊಂದು ಇರಬೇಕೆಂದು ಹಾರ್ನರ್ ಊಹಿಸಿದರು. ಅದೇ ಗೆಲುವಿನಿಂದ ತಪ್ಪಿಸಿಕೊಳ್ಳುವ ಒತ್ತಡ. ಆನ್ ಕಥೆ ಬರೆಸಿದ ಆ ದಿನಗಳಲ್ಲಿ ಅಮೆರಿಕದ ಮೆಡಿಕಲ್ ಕಾಲೇಜುಗಳಲ್ಲಿ ಹುಡುಗಿಯರು ನೂರಕ್ಕೆ ಹತ್ತು ಮಂದಿಯೂ ಇರಲಿಲ್ಲ.

1968ರಲ್ಲಿ ಹಾರ್ನರ್ ಅವರ ಸಂಶೋಧನಾ ಪ್ರಬಂಧ ಮುಗಿಯಿತು. ಮರುವರ್ಷ ಜನಪ್ರಿಯ ಪತ್ರಿಕೆಯೊಂದರಲ್ಲಿ ಲೇಖನ ಬಂದು ಅಮೆರಿಕದ ತುಂಬ ಚರ್ಚೆಯಾಯಿತು. 1972ರಲ್ಲಿ, ಇನ್ನೂ 40 ದಾಟದ ಹಾರ್ನರ್ ಹಾರ್ವರ್ಡ್‌ಗೆ ಹೊಂದಿಕೊಂಡಿದ್ದ ರ‍್ಯಾಡ್‌ಕ್ಲಿಫ್ ಮಹಿಳಾ ಕಾಲೇಜಿನ ಅಧ್ಯಕ್ಷೆಯಾದರು.

ಅಷ್ಟರಲ್ಲಿ ಪ್ರಶ್ನೆಗಳೂ ಎದ್ದವು. ಮನಶ್ಶಾಸ್ತ್ರಜ್ಞೆ ಲೋಯಿಸ್ ಹಾಫ್‌ಮನ್ ಅದೇ ಮಿಷಿಗನ್‌ನಲ್ಲಿ ಮತ್ತೆ ಪರೀಕ್ಷೆ ನಡೆಸಿ 1974ರಲ್ಲಿ ಫಲಿತಾಂಶ ಪ್ರಕಟಿಸಿದಾಗ, ಹುಡುಗಿಯರ ಪ್ರಮಾಣ ಶೇ 65ರಲ್ಲೇ ನಿಂತಿತ್ತು. ಹುಡುಗರದು ಶೇ 77ಕ್ಕೆ ಏರಿತ್ತು. ಅದೇ ವರ್ಷ ಇನ್ನೊಂದು ತಂಡ ಹುಡುಗ ಹುಡುಗಿಯರಿಬ್ಬರಿಂದಲೂ ಆನ್‌ಳ ಕಥೆ ಬರೆಸಿತು. ಹುಡುಗರು ಬರೆದದ್ದೂ ಕಹಿಯಾಗಿಯೇ ಇತ್ತು. ಅಂದರೆ ಭಯ ಹೆಣ್ಣಿನ ಸ್ವಭಾವದಲ್ಲಿ ಹುಟ್ಟಿದ್ದಲ್ಲ. ಮೊದಲ ಸ್ಥಾನಕ್ಕೆ ಬಂದ ಹುಡುಗಿಯನ್ನು ಲೋಕ ಹೇಗೆ ನಡೆಸಿಕೊಳ್ಳುತ್ತದೆ ಎಂಬುದು ಬರೆದವರಿಗೆಲ್ಲ ಗೊತ್ತಿತ್ತು, ಗೊತ್ತಿದ್ದದ್ದನ್ನೇ ಅವರು ಬರೆದರು.

ನನಗೆ ಈ ಇಡೀ ಕಥೆಯಲ್ಲಿ ಮುಖ್ಯವಾಗಿ ಕಾಣುವುದು ಇದೇ. ಯಾರೂ ಗೆಲುವಿಗೆ ಹೆದರುವುದಿಲ್ಲ, ಗೆದ್ದದ್ದಕ್ಕೆ ತೆರಬೇಕಾದ ಬೆಲೆಗೆ ಹೆದರುತ್ತಾರೆ. ಪ್ರತಿ ವರ್ಷ ಎಸ್‌ಎಸ್‌ಎಲ್‌ಸಿ, ಪಿಯುಸಿ ಫಲಿತಾಂಶ ಬಂದಾಗ ‘ಬಾಲಕಿಯರದೇ ಮೇಲುಗೈ’ ಎಂದು ನಮ್ಮ ಪತ್ರಿಕೆಗಳು ಬರೆಯುತ್ತವೆ. ಅದೇ ವಾರ ಎಷ್ಟೋ ಮನೆಗಳ ಪಡಸಾಲೆಯಲ್ಲಿ ‘ಇನ್ನೂ ಓದಿಸಿದರೆ ಇವಳಿಗೆ ತಕ್ಕ ಗಂಡು ಎಲ್ಲಿಂದ ತರೋದು’ ಎಂಬ ಮಾತೂ ಏಳುತ್ತದೆ. ಆ ಹುಡುಗಿಯ ಕೈಗೆ ಕಾಗದ ಕೊಟ್ಟರೆ ಅವಳೂ ಆನ್‌ಳ ಕಥೆಯನ್ನೇ ಬರೆದಾಳು.

ಗಂಡಸರಿಗೂ ಈ ಬೆಲೆ ತಪ್ಪಿದ್ದಲ್ಲ. 1978ರಲ್ಲಿ ಮನಶ್ಶಾಸ್ತ್ರಜ್ಞರಾದ ಸ್ಟೀವನ್ ಬರ್ಗ್ಲಾಸ್ ಮತ್ತು ಎಡ್ವರ್ಡ್ ಜೋನ್ಸ್ ಕೆಲವು ವಿದ್ಯಾರ್ಥಿಗಳಿಗೆ ಬಿಡಿಸಲಾಗದ ಸಮಸ್ಯೆಗಳನ್ನು ಕೊಟ್ಟು, ‘ಚೆನ್ನಾಗಿ ಮಾಡಿದ್ದೀರಿ’ ಎಂದು ಹೊಗಳಿದರು. ಎರಡನೇ ಸುತ್ತಿಗೆ ಮುಂಚೆ ಎರಡು ಔಷಧಿಗಳಲ್ಲಿ ಒಂದನ್ನು ಆರಿಸಿಕೊಳ್ಳಲು ಹೇಳಿದರು; ಒಂದು ಬುದ್ಧಿ ಚುರುಕು ಮಾಡುತ್ತದೆ, ಇನ್ನೊಂದು ಮಂದ ಮಾಡುತ್ತದೆ ಎಂದು ತಿಳಿಸಿದ್ದರು. ಹೇಗೆ ಗೆದ್ದೆವೆಂದೇ ತಿಳಿಯದ ಹುಡುಗರಲ್ಲಿ ಬಹಳ ಮಂದಿ ಮಂದ ಮಾಡುವುದನ್ನೇ ಆರಿಸಿಕೊಂಡರು. ಮುಂದೆ ಸೋತರೆ ಹೊಣೆ ಹೊರಿಸಲು ಔಷಧಿ ಇದೆಯಲ್ಲ! ಕೊನೆಯ ದಿನದವರೆಗೆ ಅರ್ಜಿ ಹಾಕದೆ ಮುಂದೂಡುವುದು, ಸಂದರ್ಶನದ ಹಿಂದಿನ ರಾತ್ರಿ ನಿದ್ದೆಗೆಡುವುದು, ಎಲ್ಲವೂ ಎಷ್ಟೋ ಸಲ ಇಂಥದೇ ಔಷಧಿ.

ಇದನ್ನು ದಾಟುವ ದಾರಿಯೂ ಈ ಚರಿತ್ರೆಯಲ್ಲೇ ಇದೆ. ಮೊದಲು, ಭಯಕ್ಕೆ ಹೆಸರಿಡಬೇಕು. ಗೆದ್ದರೆ ಏನು ಕಳೆದುಕೊಳ್ಳುತ್ತೇನೆ? ಗೆಳೆತನವೇ, ಮನೆಯವರ ಒಪ್ಪಿಗೆಯೇ, ಮುಂದಿನ ಸಲ ಸೋಲುವ ಸ್ವಾತಂತ್ರ್ಯವೇ? ಎರಡನೆಯದು, ನಾನು ನುಂಗುತ್ತಿರುವ ಮಂದ ಔಷಧಿ ಯಾವುದೆಂದು ಗುರುತಿಸಬೇಕು. ಮೂರನೆಯದು, ಗೆದ್ದದ್ದು ಹೇಗೆಂದು ಲೆಕ್ಕವಿಡಬೇಕು: ಎಷ್ಟು ಗಂಟೆ ಓದಿದೆ, ಯಾರ ನೆರವು ಸಿಕ್ಕಿತು, ಎಲ್ಲಿ ತಿದ್ದಿಕೊಂಡೆ. ಕಾರಣ ಗೊತ್ತಿರುವ ಗೆಲುವು ಅಷ್ಟಾಗಿ ಹೆದರಿಸುವುದಿಲ್ಲ.

ಆದರೆ ಬೆಲೆಯನ್ನು ಇಳಿಸುವ ಕೆಲಸ ಗೆದ್ದವರೊಬ್ಬರದೇ ಅಲ್ಲ. ನಿಮ್ಮ ಮನೆಯ ಹುಡುಗಿ ಮೊದಲ ಸ್ಥಾನದ ಸುದ್ದಿ ತಂದ ದಿನ ದಯವಿಟ್ಟು ಮದುವೆಯ ಮಾತು ಎತ್ತಬೇಡಿ. ಮುಂದೇನು ಓದಬೇಕು ಎಂದು ಅವಳನ್ನೇ ಕೇಳಿ, ಅವಳ ಉತ್ತರವನ್ನು ಕೊನೆಯವರೆಗೆ ಕೇಳಿಸಿಕೊಳ್ಳಿ.